ನೀಲಿ ಗೀಟು

ಬಟವಾಡಿ ಅಂದರೆ ಹೊರಗಿನವರ ಕಿವಿಗೆ ಬಟವಾಡೆ ಅಂತ ಬೀಳುತ್ತದೆ. ಸಂಬಳ ಬಟವಾಡೆ, ಅಂಚೆ ಬಟವಾಡೆ. ‘ಏನಪ್ಪಾ, ನಿಮ್ಮ ಕಡೆ ಯಾವಾಗ ಬಟವಾಡೆ?’ ಅಂತ ತಮಾಷೆ ಮಾಡುತ್ತಾರೆ. ನಾವೂ ನಗುತ್ತಿದ್ದೆವು. 2021ರ ಮೇ ತಿಂಗಳ ಒಂದು ರಾತ್ರಿ ಆದಮೇಲೆ ಆ ತಮಾಷೆಗೆ ನಮಗೆ ನಗು ಬರುವುದಿಲ್ಲ. ಆ ರಾತ್ರಿ ಒಬ್ಬನ ಮಾತು ನೂರಾರು ಫೋನುಗಳಿಗೆ ಬಟವಾಡೆ ಆಯಿತು. ಆದರೆ ಯಾರ ಮನೆಯ ಬಾಗಿಲೂ ತೆರೆಯಲಿಲ್ಲ. ತಪ್ಪು ನಮ್ಮದು. ಬೇರೆಯವರ ಮೇಲೆ ಬರೆಯಲು ನಮ್ಮ ಪೆನ್ನು ಯಾವತ್ತೂ ಚೂಪಾಗಿಯೇ ಇರುತ್ತದೆ, ಈ ಸಲ ನಮ್ಮ ಮೇಲೇ ಬರೆದುಕೊಳ್ಳುತ್ತಿದ್ದೇವೆ.

ನಾವು ಅಂದರೆ ಐದು ಜನ. ಇಬ್ಬರು ಹಳ್ಳಿ ಶಾಲೆ ಮೇಷ್ಟ್ರುಗಳು, ಒಬ್ಬರು ಗುಬ್ಬಿ ಕಡೆಗೆ, ಒಬ್ಬರು ಕುಣಿಗಲ್ ಕಡೆಗೆ ದಿನಾ ಬಸ್ಸು ಹತ್ತಿ ಇಳಿಯುವವರು. ಒಬ್ಬ ಆಟೋ ಓಡಿಸುತ್ತಾನೆ. ಒಬ್ಬಾಕೆ ಆಗ ಎಂ.ಎ. ಓದುತ್ತಿದ್ದಳು, ಈಗ ಅತಿಥಿ ಉಪನ್ಯಾಸಕಿ. ಇನ್ನೊಬ್ಬನಿಗೆ ಇಂಥದೇ ಕೆಲಸ ಅಂತ ಇಲ್ಲ, ಯಾವ ಧರಣಿಯಾದರೂ ಶಾಮಿಯಾನದ ಗೂಟ ಹೊಡೆಯುವವನು ಅವನೇ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸಿಮ್ಮು ಬಂತು. ಪುಕ್ಕಟೆ ಅಂದರು, ಜನ ಕ್ಯೂ ನಿಂತರು, ಎಪಿಎಂಸಿ ಯಾರ್ಡಿನ ಹಮಾಲರ ಕೈಗೂ ಕಾಗದ ಕಟ್ಟುವ ಹೆಂಗಸರ ಕೈಗೂ ಫೋನು ಬಂತು. ಮುಂದಿನ ವರ್ಷ ಏಪ್ರಿಲ್ 14ರ ಮೆರವಣಿಗೆ ಮುಗಿಸಿ ಬಂದ ರಾತ್ರಿ ನಾವು ಒಂದು ವಾಟ್ಸಾಪ್ ಗುಂಪು ಕಟ್ಟಿದೆವು. ಬಟವಾಡಿ, ಗುಬ್ಬಿ, ಕುಣಿಗಲ್ ಮೂರೂ ಕಡೆಯವರು. ವರ್ಷ ತುಂಬುವುದರೊಳಗೆ 256 ಜನ. ಆಗ ಒಂದು ಗುಂಪಿಗೆ ಅದಕ್ಕಿಂತ ಹೆಚ್ಚು ಜನ ಹಿಡಿಸುತ್ತಿರಲಿಲ್ಲ. ನಾವು ಹಿಗ್ಗಿದ್ದೇ ಹಿಗ್ಗಿದ್ದು. ಕರಪತ್ರ ಅಚ್ಚು ಹಾಕಿಸಲು ದುಡ್ಡಿಲ್ಲದೆ ಒದ್ದಾಡಿದವರಿಗೆ ಬೆರಳ ತುದಿಯಲ್ಲೇ 256 ಮನೆ ಸಿಕ್ಕಿದ ಹಾಗಾಗಿತ್ತು.

ನಮ್ಮ ಹಿರಿಯರೊಬ್ಬರಿದ್ದಾರೆ. ಪ್ರೊ. ಬಿ. ಕೃಷ್ಣಪ್ಪನವರು ಮುಂದೆ ನಿಂತು ಕಟ್ಟಿದ ದಲಿತ ಸಂಘರ್ಷ ಸಮಿತಿಯಲ್ಲಿ ಮೊದಲಿನಿಂದ ಓಡಾಡಿದವರು. ಅವರ ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ, ಅದರ ತುಂಬ 15 ಪೈಸೆ ಕಾರ್ಡುಗಳು. ‘ಇಂಥ ದಿನ ಇಂಥ ಹಟ್ಟಿಯಲ್ಲಿ ಸಭೆ, ಊಟ ಅಲ್ಲೇ’ ಎಂದಷ್ಟೇ ಬರೆದಿರುವ ಕಾರ್ಡುಗಳು. ಕಾರ್ಡು ಹಾಕಿದವರು ಕಾರ್ಡಿನ ಹಿಂದೆಯೇ ಬಸ್ಸು ಹತ್ತುತ್ತಿದ್ದರಂತೆ. ಹೋದ ಮನೆಯಲ್ಲಿ ಮುದ್ದೆ ತಿಂದು, ಅವರ ಚಾಪೆಯ ಮೇಲೇ ಮಲಗಿ, ಬೆಳಿಗ್ಗೆ ಎದ್ದಮೇಲೆ ಸಂಘಟನೆಯ ಮಾತು. ಅದನ್ನೆಲ್ಲ ಚಿನ್ನದ ಕಾಲ ಅಂತ ನಾವು ಹಾಡಿ ಹೊಗಳುವುದಿಲ್ಲ. ಕೇರಿಗೆ ಬಂದ ಎಷ್ಟೋ ಕಾರ್ಡು ಊರ ಮುಂದಿನ ಹೋಟೆಲಿನಲ್ಲೇ ಉಳಿಯುತ್ತಿತ್ತು, ಊರ ಗೌಡ ಓದಿದ ಮೇಲೆ ಕೇರಿಯವರು ಓದಬೇಕಾಗಿತ್ತು. ಹೆಂಗಸರ ಹೆಸರಿಗೆ ಬಂದ ಒಂದು ಕಾರ್ಡೂ ಆ ಡಬ್ಬಿಯಲ್ಲಿ ಇಲ್ಲ. ನಾವೇ ಹುಡುಕಿ ನೋಡಿದ್ದೇವೆ.

ಫೋನು ಆ ಗೌಡನ ಕಣ್ಣು ತಪ್ಪಿಸಿತು. ಹೆಂಗಸರಿಗೂ ದಾರಿ ಮಾಡಿತು. ಇದನ್ನು ಒಪ್ಪಿಕೊಳ್ಳದೆ ಮುಂದಕ್ಕೆ ಹೋದರೆ ನಾವು ಸುಳ್ಳು ಹೇಳಿದ ಹಾಗೆ. 2016ರ ಜನವರಿಯಲ್ಲಿ ರೋಹಿತ್ ವೇಮುಲನ ಕೊನೆಯ ಪತ್ರ ಹೈದರಾಬಾದಿನಿಂದ ನಮ್ಮ ಹಾಸ್ಟೆಲ್ ಹುಡುಗರ ಕೈಗೆ ಬಂದದ್ದು ಫೋನಿನಲ್ಲೇ. ಅದೇ ವರ್ಷ ಉನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದವರನ್ನು ಹೊಡೆದ ದೃಶ್ಯ ನಾವು ನೋಡಿದ್ದೂ ಫೋನಿನಲ್ಲೇ. ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಹೊರಟ ಉಡುಪಿ ಚಲೋ ಜಾಥಾ ಇವತ್ತು ಎಲ್ಲಿದೆ, ನಾಳೆ ಎಲ್ಲಿಗೆ ಅಂತ ತಿಳಿದದ್ದೂ ಅದರಿಂದಲೇ. ಆದರೆ ರೋಹಿತನ ಪತ್ರವನ್ನು ಹಾಸ್ಟೆಲಿನ ಹುಡುಗರು ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ಓದಿ ಮುಗಿಸಲಿಲ್ಲ. ಒಬ್ಬ ಜೋರಾಗಿ ಓದಿದ, ಕನ್ನಡದಲ್ಲಿ ಹೇಳಿದ, ಉಳಿದವರು ಸುತ್ತ ಕೂತು ಕೇಳಿದರು. ಎಷ್ಟೋ ಹೊತ್ತು ಯಾರೂ ಊಟಕ್ಕೆ ಏಳಲಿಲ್ಲ. ಹೀಗೆ ಒಟ್ಟಿಗೆ ಕೂತು ಕೇಳುವುದನ್ನು ನಾವು ಗುಂಪು ದೊಡ್ಡದಾದ ಹಾಗೆಲ್ಲ ಮರೆತೆವು.

ಈಗ ಹಮಾಲಿಯ ವಿಷಯ. ಹೆಸರು ಬರೆಯುವುದಿಲ್ಲ, ಬರೆಯಬೇಡಿ ಅಂದಿದ್ದಾನೆ. ಯಾರ್ಡಿನಲ್ಲಿ ಮೂಟೆ ಹೊರುತ್ತಾನೆ. ಹುಣಸೆ ಸುಗ್ಗಿಯಲ್ಲಿ ಅವನ ಹೆಂಡತಿ, ತಾಯಿ ಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದರು. ಓದಿದ್ದು ನಾಲ್ಕನೆಯ ಕ್ಲಾಸು. ಫೋನು ಬಂದಮೇಲೆ ಮಗಳ ಕೈಲಿ ಕೇಳಿ ಕೇಳಿ ಕನ್ನಡ ಅಕ್ಷರ ಒತ್ತುವುದು ಕಲಿತ. 2018ರ ಬೇಸಿಗೆಯಲ್ಲಿ ಗುಂಪಿಗೆ ಮೊದಲ ಸಲ ಹೀಗೆ ಬರೆದ:

‘ಸಾ ನಮ್ ಅಟ್ಟಿಗೆ ನೀರ್ ಬಿಟ್ಟು ಅನ್ನೆಲ್ಡ್ ದಿನ ಆತು. ಯಾರಾನ ಬಂದ್ ಏಳಿ.’

ನಮ್ಮ ಮೇಷ್ಟ್ರೊಬ್ಬರು, ಈ ಲೇಖನ ಬರೆಯುತ್ತಿರುವ ಕೈಗಳಲ್ಲಿ ಒಂದು ಅವರದೇ, ತಕ್ಷಣ ಉತ್ತರ ಕೊಟ್ಟರು: ‘ಅಟ್ಟಿ ಅಲ್ಲ ಹಟ್ಟಿ. ಅನ್ನೆಲ್ಡು ಅಲ್ಲ ಹನ್ನೆರಡು. ಏಳಿ ಅಂತೀಯಲ್ಲಪ್ಪಾ, ನಾವು ಎದ್ದೇ ಇದ್ದೀವಿ!’ ಅದರ ಕೆಳಗೆ ಹತ್ತಿಪ್ಪತ್ತು ನಗುವ ಮುಖಗಳು. ಒಂದು ನಗುಮುಖ ನಮ್ಮ ಎಂ.ಎ. ಹುಡುಗಿಯದು. ನೀರಿನ ಮಾತು ಅಲ್ಲಿಗೇ ನಿಂತಿತು. ಕೇಡು ಬಯಸಿ ಮಾಡಿದ್ದಲ್ಲ, ಸಲಿಗೆ ಅಂದುಕೊಂಡೆವು. ಅವನು ‘ಸರಿ ಸಾ’ ಅಂತ ಬರೆದ. ಆಮೇಲೆ ಮೂರು ವರ್ಷ ಆ ಗುಂಪಿನಲ್ಲಿ ಅವನ ಒಂದು ಅಕ್ಷರವಿಲ್ಲ. ಮೂರು ವರ್ಷವೂ ನಾವು ಅದನ್ನು ಗಮನಿಸಲಿಲ್ಲ.

ಯಾರು ಹೀಗೆ ಮಾಡಿದ್ದು ನೋಡಿ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಅಂದು ಮಂತ್ರಿಗಿರಿ ಕಳೆದುಕೊಂಡ ಕಥೆಯನ್ನು ಮಕ್ಕಳಿಗೆ ಕಣ್ಣರಳಿಸಿ ಹೇಳುವವರು ನಾವು. 1984ರಲ್ಲಿ ಬಂದ ದೇವನೂರ ಮಹಾದೇವರ ‘ಕುಸುಮಬಾಲೆ’ಯ ಆಡುಮಾತಿನ ಮೇಲೆ ವಿಚಾರ ಸಂಕಿರಣ ಮಾಡಿ, ನಮ್ಮ ಜನರ ನಾಲಗೆಗೆ ಸಾಹಿತ್ಯದಲ್ಲಿ ಜಾಗ ಸಿಕ್ಕಿತು ಅಂತ ಭಾಷಣ ಬಿಗಿದವರೂ ನಾವೇ. ಪುಸ್ತಕದಲ್ಲಿ ಅಚ್ಚಾದರೆ ಆ ನಾಲಗೆ ಸಂಸ್ಕೃತಿ, ಹಮಾಲಿಯ ಫೋನಿನಿಂದ ಬಂದರೆ ಕಾಗುಣಿತ ತಪ್ಪು! ಹಕಾರ ಇಲ್ಲದ ನಾಲಗೆಯನ್ನು ಬೆತ್ತದಿಂದ ತಿದ್ದಿದ ಶಾಲೆಯಲ್ಲೇ ನಾವೂ ಓದಿದ್ದು. ಆ ಬೆತ್ತ ಯಾವಾಗ ನಮ್ಮ ಕೈಗೆ ಬಂತು ಅಂತ ನಮಗೇ ತಿಳಿಯಲಿಲ್ಲ.

2021ರ ಮೇ. ಕೊರೊನಾದ ಎರಡನೆಯ ಅಲೆ, ಲಾಕ್‌ಡೌನು. ರಸ್ತೆಯಲ್ಲಿ ನಾಯಿಗಳು ಬಿಟ್ಟರೆ ಪೊಲೀಸರು. ಗುಂಪಿನಲ್ಲಿ ದಿನಕ್ಕೆ ಇನ್ನೂರು ಮುನ್ನೂರು ಸಂದೇಶ. ಆಕ್ಸಿಜನ್ ಎಲ್ಲಿ ಸಿಗುತ್ತದೆ, ಕಷಾಯಕ್ಕೆ ಏನೇನು ಹಾಕಬೇಕು, ಸರ್ಕಾರಕ್ಕೆ ಧಿಕ್ಕಾರ, ತೀರಿಕೊಂಡವರ ಫೋಟೋ, ಫೋಟೋ ಕೆಳಗೆ ಕೈಮುಗಿದ ಗುರುತುಗಳ ಸಾಲು. ಆ ಸಾಲು ಎಷ್ಟು ಉದ್ದ ಆಗಿತ್ತೆಂದರೆ ಯಾರು ಸತ್ತರು ಅಂತ ನೋಡಲು ಮೇಲಕ್ಕೆ ಎಳೆಯುತ್ತಲೇ ಇರಬೇಕು. ನಾವು ಐವರಲ್ಲಿ ಮೂವರು ಗುಂಪಿನ ಸದ್ದನ್ನು ಆರಿಸಿಟ್ಟಿದ್ದೆವು.

ಆ ರಾತ್ರಿ ಹನ್ನೊಂದು ಗಂಟೆ ಹೊತ್ತಿಗೆ ಅವನ ತಾಯಿ ಹೋದಳು. ಕಾಯಿಲೆ ಅಲ್ಲ, ವಯಸ್ಸಾಗಿತ್ತು. ಅಕ್ಕಪಕ್ಕದವರು ಹೆದರಿ ಬಾಗಿಲು ಹಾಕಿಕೊಂಡರು. ಅವನು ಬರೆಯಲಿಲ್ಲ. ಗುಂಪಿಗೆ 40 ಸೆಕೆಂಡಿನ ಒಂದು ಧ್ವನಿ ಕಳಿಸಿದ:

‘ಅಣ್ಣಾರಾ, ಅವ್ವ ಓಗ್ಬುಟ್ಲು. ಕೊರೊನ ಗಿರೊನ ಏನಿಲ್ಲ, ವಯ್ಸಾಗಿತ್ತು. ಎತ್ತಕ್ಕೆ ಜನ ಇಲ್ಲ. ಯಾರಾನ ನಾಕ್ ಜನ ಬನ್ನಿ. ಬೆಳಿಗ್ಗಿ ಪೋಲಿಸ್ರು ಬರಕ್ ಮುಂಚೆ ಆಗ್ಬೇಕು.’

ಮಾತು ಮುಗಿದ ಮೇಲೂ ನಾಲ್ಕೈದು ಸೆಕೆಂಡು ಹಾಗೇ ಓಡುತ್ತದೆ. ಹಿಂದೆ ಯಾರೋ ಹೆಂಗಸು ಅಳುವ ಸದ್ದು.

ನಾವು ಅದನ್ನು ಕೇಳಿದ್ದು ಹನ್ನೊಂದು ದಿನ ಆದಮೇಲೆ. ಆಟೋ ಗೆಳೆಯ ಯಾರ್ಡಿನ ಮುಂದೆ ಅವನನ್ನು ಬೋಳಿಸಿದ ತಲೆಯಲ್ಲಿ ನೋಡಿ ‘ಏನಾತಪ್ಪ’ ಅಂತ ಕೇಳಿದ. ಅವನು ಏನೂ ಹೇಳದೆ ಫೋನು ತೆಗೆದು ತೋರಿಸಿದ. ಗೊತ್ತಿರುವವರಿಗೆ ಗೊತ್ತು: ಗುಂಪಿನಲ್ಲಿ ನಾವು ಕಳಿಸಿದ್ದನ್ನು ಒತ್ತಿ ಹಿಡಿದರೆ ಅದು ಯಾರಿಗೆ ತಲುಪಿತು, ಯಾರು ನೋಡಿದರು ಅಂತ ಪಟ್ಟಿ ಬರುತ್ತದೆ. 2014ರಲ್ಲಿ ಬಂದ ನೀಲಿ ಗೀಟಿನ ಮಹಿಮೆ. ಧ್ವನಿಯಾದರೆ ಇನ್ನೂ ಒಂದು ಲೆಕ್ಕ ಉಂಟು, ಯಾರು ಒತ್ತಿ ಕೇಳಿದರು ಅನ್ನುವುದು. ನೋಡಿದವರು ನೂರಕ್ಕೂ ಮೇಲೆ. ಕೇಳಿದವರು ಮೂವರು, ಮೂವರೂ ಬೆಂಗಳೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದವರು. ಬರಿಯ ನೋಡಿದವರ ಪಟ್ಟಿಯಲ್ಲಿ ನಮ್ಮ ಐವರಲ್ಲಿ ನಾಲ್ವರ ಹೆಸರು. ಅದರಲ್ಲಿ ಇಬ್ಬರ ಮನೆ ಅವನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಅವನು, ಅವನ ಭಾವಮೈದ, ಹದಿನಾರು ವರ್ಷದ ಮಗಳು, ತರಕಾರಿ ತಳ್ಳುವ ಗಾಡಿಯಲ್ಲಿ ಅವ್ವನನ್ನು ಮಲಗಿಸಿಕೊಂಡು ನಸುಕಿನಲ್ಲಿ ಹೋಗಿ ಮಣ್ಣು ಮಾಡಿ ಬಂದಿದ್ದರು.

ನಮ್ಮ ಹೆಸರಿನ ಮುಂದೆ ಎರಡು ನೀಲಿ ಗೀಟು. ನಮ್ಮ ಬಾವುಟದ ಬಣ್ಣ.

ಮರುದಿನ ಐದೂ ಜನ ಹೋದೆವು. ಬೈಯುತ್ತಾನೆ ಅಂದುಕೊಂಡಿದ್ದೆವು, ಬೈಯಲಿಲ್ಲ. ಬೈದಿದ್ದರೆ ನಮಗೆ ಹಗುರ ಆಗುತ್ತಿತ್ತೋ ಏನೋ. ಟೀ ಕೊಟ್ಟರು. ಮೇಷ್ಟ್ರು ‘ಒಂದು ಸಾಲು ಬರೆದಿದ್ರೆ ಕಣ್ಣಿಗೆ ಬೀಳ್ತಿತ್ತಲ್ಲಪ್ಪ’ ಅಂದರು. ಅದನ್ನೂ ಕೇಳಬಾರದಿತ್ತು. ಅವನು ಲೋಟ ಕೆಳಗಿಟ್ಟು, ‘ಬರಿಯಕ್ಕೆ ನಾಚ್ಕೆ ಆತದೆ ಸಾ. ಅವ್ವ ಸತ್ತಿರವಾಗ ಅಕ್ಸರ ತಪ್ಪೋದ್ರೆ?’ ಅಂದ.

ಇದಕ್ಕೆ ನಾವು ಏನು ಹೇಳಿದೆವು ಅಂತ ಬರೆಯುವುದಿಲ್ಲ. ಹೇಳುವಂಥದ್ದು ಏನೂ ಹೇಳಲಿಲ್ಲ.

ಬಾಬಾಸಾಹೇಬರು 1920ರಲ್ಲಿ ತಂದ ಪತ್ರಿಕೆಯ ಹೆಸರು ‘ಮೂಕನಾಯಕ’. ಮಾತಿಲ್ಲದವರ ನಾಯಕ. ಆವತ್ತು ನಮ್ಮವರ ಮಾತನ್ನು ಅಚ್ಚು ಹಾಕುವವರಿರಲಿಲ್ಲ. ಇವತ್ತು ಹಮಾಲಿಯ ಧ್ವನಿಗೂ ಕಾಸಿಲ್ಲದೆ ಊರೆಲ್ಲಾ ಸುತ್ತುವ ಹಾದಿಯಿದೆ. ಅಕ್ಷರ ಬಾರದ ಅವ್ವಂದಿರು ಕೂಡ ಮೈಕಿನ ಗುರುತು ಒತ್ತಿಕೊಂಡು ತವರಿಗೆ ಮಾತು ಕಳಿಸುತ್ತಾರೆ. ಸಾವಿರ ವರ್ಷ ಅಕ್ಷರ ಕೊಡದವರ ಎದುರಿಗೆ ಇದು ಸಣ್ಣ ಗೆಲುವಲ್ಲ. ಆದರೆ ಗುಂಪಿನಲ್ಲಿ ಯಾರೂ ಧ್ವನಿ ಕೇಳುವುದಿಲ್ಲ. ಬರಹ ಕಣ್ಣಾಡಿಸಿದರೆ ಮುಗಿಯಿತು, ಧ್ವನಿಗೆ 40 ಸೆಕೆಂಡು ಕೂತು ಕಿವಿ ಕೊಡಬೇಕು. ಓದು ಬಲ್ಲವರಿಗೆ ಅಷ್ಟು ಪುರುಸೊತ್ತಿಲ್ಲ. ಆ ಎರಡು ವರ್ಷದಲ್ಲಿ ಗುಂಪಿಗೆ ಬಂದ ಧ್ವನಿಗಳನ್ನೆಲ್ಲ ನಾವು ಆಮೇಲೆ ಕೂತು ಕೇಳಿದೆವು. ಹೆಚ್ಚಿನವು ಹೆಂಗಸರದು, ಕೂಲಿಯವರದು. ರೇಷನ್ ಕಾರ್ಡು, ಕುಡಿದು ಹೊಡೆಯುವ ಗಂಡ, ಹಾಸ್ಟೆಲ್ ಸೀಟು. ಉತ್ತರ ಬಂದದ್ದು ಬೆರಳೆಣಿಕೆಗೆ.

ಇನ್ನೊಂದು ವಿಷಯ. ಮನಸ್ಸು ಬಿಚ್ಚಿ ಮಾತಾಡಿ, ನೀವು ಇದ್ದ ಹಾಗೇ ಇರಿ, ಆಗಲೇ ನಿಜವಾದ ಗೆಳೆತನ ಅಂತ ಉಪದೇಶ ಮಾಡುವವರು ಬೇಕಾದಷ್ಟಿದ್ದಾರೆ. ಇದ್ದ ಹಾಗೇ ಇರಲು ಒಂದು ಮನೆ ಬೇಕಲ್ಲ? ಕುಣಿಗಲ್ ಕಡೆಯ ಹುಡುಗನೊಬ್ಬ ಬಟವಾಡಿಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ. ರೂಮಿನ ಓನರು ಕೇಳಿದಾಗ ಜಾತಿಯ ಹೆಸರು ಬದಲಿಸಿ ಹೇಳಿದ್ದ. ಏಪ್ರಿಲ್ 14ರಂದು ವಾಟ್ಸಾಪ್ ಸ್ಟೇಟಸ್ಸಿಗೆ ಬಾಬಾಸಾಹೇಬರ ಫೋಟೋ ಹಾಕುವ ಮುಂಚೆ ಓನರಿನ ನಂಬರು, ಓನರ ಮಗನ ನಂಬರು ಹುಡುಕಿ, ಅವರಿಬ್ಬರಿಗೆ ಕಾಣದ ಹಾಗೆ ಮಾಡಿ ಹಾಕುತ್ತಿದ್ದ. ಫೇಸ್‌ಬುಕ್ಕಿನಲ್ಲಿ ಬೇರೆ ಹೆಸರು, ಹೂವಿನ ಚಿತ್ರ. ಆ ಹೆಸರಿನಲ್ಲಿ ಅವನು ಬರೆಯುತ್ತಿದ್ದ ಮಾತು ಕೆಂಡದ ಹಾಗೆ ಇರುತ್ತಿತ್ತು. ನಮ್ಮವರೇ ಒಬ್ಬರು ‘ಮುಖ ಮುಚ್ಚಿಕೊಂಡು ಬರೆಯುವ ಹೇಡಿ’ ಅಂತ ಅವನನ್ನು ಬೈದರು. ಬೈದವರಿಗೆ ಸ್ವಂತ ಮನೆ ಇತ್ತು. ನಾವು ಕೇಳುವುದಿಷ್ಟೆ: ಆ ಹುಡುಗನ ಎರಡು ಮುಖದಲ್ಲಿ ಸುಳ್ಳು ಯಾವುದು? ಓನರಿಗೆ ಸುಳ್ಳು ಹೇಳಿದ ನಿಜದ ಮುಖವೋ, ನಿಜ ಹೇಳಿದ ಹೂವಿನ ಮುಖವೋ? ಅವನ ಜೊತೆ ನಮ್ಮ ಗೆಳೆತನ ಗಟ್ಟಿಯಾದದ್ದು ಅವನ ಬರಹ ಮೆಚ್ಚಿದ್ದರಿಂದಲ್ಲ. ಓನರಿಗೆ ಹೇಗೋ ಗೊತ್ತಾಗಿ ಅವನು ರೂಮು ಬಿಡಬೇಕಾಗಿ ಬಂದ ದಿನ ಆಟೋ ತಂದು ಅವನ ಟ್ರಂಕು ಹೊತ್ತದ್ದರಿಂದ. ಇವತ್ತು ಅವನು ಸ್ವಂತ ಹೆಸರಿನಲ್ಲೇ ಬರೆಯುತ್ತಾನೆ. ಕೆಂಡ ಸ್ವಲ್ಪ ಆರಿದೆ, ಅದು ಬೇರೆ ಮಾತು.

ಫೋನು ಸರಿಯಾಗಿ ಕೆಲಸ ಮಾಡಿದ ಒಂದು ದಿನದ ಕಥೆಯನ್ನೂ ಹೇಳಬೇಕು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುಳ್ಳು ನಾಡಿನ ಎಲ್ಲ ಫೋನುಗಳಿಗೂ ನುಗ್ಗಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಒಬ್ಬ ಬಡವನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಕೊಂದರು. ಆ ತಿಂಗಳೇ ಕಂಪನಿಯವರು ಎಚ್ಚೆತ್ತು, ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ದಾಟಿಸದ ಹಾಗೆ ಇಂಡಿಯಾದಲ್ಲಿ ಕಟ್ಟು ಹಾಕಿದರು. ನಮ್ಮ ಗುಂಪಿಗೂ ಆ ವಿಡಿಯೋ ಬಂದಿತ್ತು. ಕಳಿಸಿದವರು ನಮ್ಮವರೇ, ದಲಿತರೇ. ‘ಊರಾಚೆ ಗುಡಾರ ಹಾಕಿದ್ದಾರೆ, ಹುಷಾರು’ ಅಂತ ಕೆಳಗೆ ಒಕ್ಕಣೆ ಬೇರೆ. ಊರಾಚೆ ಇರುವವರನ್ನು ಕಂಡರೆ ಅನುಮಾನ ಪಡುವ ಕಣ್ಣು ನಮಗೆ ಎಲ್ಲಿಂದ ಬಂತು? ನಮ್ಮನ್ನು ಊರಾಚೆ ಇಟ್ಟವರ ಕಣ್ಣಲ್ಲವೇ ಅದು?

ಆಟೋ ಗೆಳೆಯ ಉತ್ತರ ಬರೆಯಲಿಲ್ಲ. ಆಟೋ ತಿರುಗಿಸಿಕೊಂಡು ಸೀದಾ ಗುಡಾರದ ಹತ್ತಿರ ಹೋದ. ಪ್ಲಾಸ್ಟಿಕ್ ಕೊಡ, ಬಕೆಟ್ಟು ಮಾರುವ ಅಲೆಮಾರಿ ಸಂಸಾರಗಳು. ಅಲ್ಲಿದ್ದ ಅಜ್ಜಿಯ ಬಾಯಿಗೆ ಫೋನು ಹಿಡಿದ. ಅಜ್ಜಿ ತನ್ನ ಊರು ಯಾವುದು, ತನ್ನ ಗಂಡ ಯಾವ ಜಾತ್ರೆಯಲ್ಲಿ ಸತ್ತ, ಇಲ್ಲಿಗೆ ಎಷ್ಟು ವರ್ಷದಿಂದ ಬರುತ್ತಿದ್ದೇವೆ, ಬಟವಾಡಿಯ ಯಾವ ಯಾವ ಮನೆಯವರು ತನ್ನ ಹತ್ತಿರ ಕೊಡ ಕೊಂಡು ಇನ್ನೂ ಬಾಕಿ ಉಳಿಸಿಕೊಂಡಿದ್ದಾರೆ ಎಲ್ಲಾ ಹೇಳಿದಳು. ಬಾಕಿಯವರ ಪಟ್ಟಿ ಕೇಳಿ ಗುಂಪಿನಲ್ಲಿ ಇಬ್ಬರು ಬಾಯಿ ಮುಚ್ಚಿಕೊಂಡರು. ಅವರು ಆ ವಿಡಿಯೋ ಕಳಿಸಿದವರೇ. ಅವನು ಅಲ್ಲೇ ಕೂತು ಟೀ ಕುಡಿದು ಒಂದು ಫೋಟೋ ಹಾಕಿದ. ಅಲ್ಲಿಗೆ ಆ ಸುಳ್ಳು ನಮ್ಮ ಕಡೆ ಸತ್ತಿತು. ಆವತ್ತು ಅವನೂ ಬರಿಯ ‘ಇದು ಸುಳ್ಳು, ನಂಬಬೇಡಿ’ ಅಂತ ಟೈಪು ಮಾಡಿದ್ದರೆ ಯಾರು ನಂಬುತ್ತಿದ್ದರು?

ಈ ಹಾದಿಗಳೆಲ್ಲ ನಮ್ಮವಲ್ಲ ಅನ್ನುವುದೂ ನೆನಪಿರಬೇಕು. ವಾಟ್ಸಾಪನ್ನು ಫೇಸ್‌ಬುಕ್ಕಿನವರು 2014ರಲ್ಲಿ ಕೊಂಡದ್ದು ಸುಮಾರು 1900 ಕೋಟಿ ಡಾಲರಿಗೆ. ಅಷ್ಟು ದುಡ್ಡು ಸುರಿದವರು ಹಟ್ಟಿಯ ನೀರಿಗಾಗಿ ಸುರಿದಿರಲಾರರು. 2017ರಿಂದ ಕೆಲವು ಕಾಲ ಫೇಸ್‌ಬುಕ್ಕಿನ ಯಂತ್ರ ಒಂದು ಮೆಚ್ಚುಗೆಗಿಂತ ಒಂದು ಸಿಟ್ಟಿನ ಮುಖಕ್ಕೆ ಐದು ಪಟ್ಟು ಬೆಲೆ ಕಟ್ಟುತ್ತಿತ್ತು ಅಂತ ಆ ಕಂಪನಿಯ ಒಳಗಿನ ಕಾಗದಗಳೇ 2021ರಲ್ಲಿ ಹೊರಬಿದ್ದು ಹೇಳಿದವು. ನಮ್ಮ ಸಿಟ್ಟು ನ್ಯಾಯವಾದ ಸಿಟ್ಟು. ಅದನ್ನೂ ತೂಕ ಹಾಕಿ ಮಾರುವ ಯಾರ್ಡು ಒಂದಿದೆ ಅಂತ ಆಮೇಲೆ ಗೊತ್ತಾಯಿತು. ಹುಣಸೆಹಣ್ಣಿನ ಹಾಗೆ.

2022ರ ಏಪ್ರಿಲಿನಲ್ಲಿ ಗುಬ್ಬಿ ತಾಲೂಕಿನ ಪೆದ್ದನಹಳ್ಳಿಯಲ್ಲಿ ಇಬ್ಬರು ದಲಿತ ಯುವಕರನ್ನು ಕೊಂದರು. ಆ ಬೆಳಿಗ್ಗೆ ನಮ್ಮ ಗುಂಪು ಧಗಧಗ ಉರಿಯಿತು. ಧಿಕ್ಕಾರಗಳ ಮೇಲೆ ಧಿಕ್ಕಾರ. ಆ ಹೊತ್ತಿಗೆ ನಾವು ಪಾಠ ಕಲಿತಿದ್ದೆವು ಅಂದುಕೊಂಡಿದ್ದೆವು. ಆದರೂ ಮಧ್ಯಾಹ್ನದವರೆಗೆ ನಾವು ಮಾಡಿದ್ದು ಯಾವ ಫೋಟೋ ಹಾಕಬೇಕು, ಹೇಳಿಕೆಯಲ್ಲಿ ಯಾರ ಹೆಸರು ಮೊದಲು ಬರಬೇಕು ಅನ್ನುವ ಚರ್ಚೆ. ಕೊನೆಗೆ ಶಾಮಿಯಾನದ ಗೆಳೆಯ ‘ನಾನು ಹೊರಟೆ, ಬರೋರು ಬನ್ನಿ’ ಅಂತ ನಾಲ್ಕು ಪದದ ಧ್ವನಿ ಕಳಿಸಿದ. ಆ ದಿನ ಗುಂಪಿನಲ್ಲಿ ಬಂದ ಉಪಯೋಗದ ಮಾತು ಅದೊಂದೇ. ಹನ್ನೊಂದು ಜನ ಹೋದೆವು. ಹನ್ನೊಂದು ಹೆಚ್ಚೋ ಕಮ್ಮಿಯೋ ನೀವೇ ಹೇಳಿ.

ಚಿಕ್ಕನಾಯಕನಹಳ್ಳಿ ತಾಲೂಕಿನ ಗೋಪಾಲಪುರದಲ್ಲಿ 2010ರಲ್ಲಿ ಒಬ್ಬ ದಲಿತ ಹೆಣ್ಣುಮಗಳನ್ನು ಕೊಂದ ಮೊಕದ್ದಮೆಗೆ ತುಮಕೂರಿನ ಕೋರ್ಟು 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. 21 ಜನಕ್ಕೆ ಜೀವಾವಧಿ. ಸುದ್ದಿ ಬಂದಾಗ ಗುಂಪಿನ ತುಂಬ ಜೈಭೀಮ್, ನೀಲಿ ಹೃದಯಗಳು. ನಾವೂ ಹಾಕಿದೆವು, ಸಂತೋಷ ಸುಳ್ಳಲ್ಲ. ಆದರೆ 2010ರಲ್ಲಿ ನಮ್ಮ ಯಾರ ಕೈಯಲ್ಲೂ ವಾಟ್ಸಾಪ್ ಇರಲಿಲ್ಲ. ಹದಿನಾಲ್ಕು ವರ್ಷ ಒಂದು ಮೊಕದ್ದಮೆ ಜೀವ ಹಿಡಿದುಕೊಂಡಿರಬೇಕಾದರೆ ಯಾರೋ ದಿನಾಂಕ ದಿನಾಂಕಕ್ಕೆ ಕೂಲಿ ಬಿಟ್ಟು ಕೋರ್ಟಿಗೆ ಬಂದಿರಲೇಬೇಕು. ಅವರು ಯಾವ ಬಸ್ಸಿಗೆ ಬರುತ್ತಿದ್ದರು, ಎಲ್ಲಿ ಉಣ್ಣುತ್ತಿದ್ದರು? ಕೋರ್ಟು ಇರುವುದು ನಮ್ಮ ಊರಿನಲ್ಲೇ. ಅಲ್ಲಿಗೆ ಹೋಗಿ ಅವರಿಗೆ ಒಂದು ಲೋಟ ಟೀ ಕೊಡಿಸಿದ ನೆನಪು ನಮ್ಮ ಐವರಲ್ಲಿ ಯಾರಿಗೂ ಇಲ್ಲ.

ಈಗ ಗುಂಪಿನಲ್ಲಿ ಕೆಲವು ಕಟ್ಟಳೆ ಮಾಡಿಕೊಂಡಿದ್ದೇವೆ. ಕಾಗುಣಿತ ತಿದ್ದುವ ಹಾಗಿಲ್ಲ. ಧ್ವನಿ ಬಂದರೆ ದಿನಕ್ಕೊಬ್ಬರು ಸರದಿಯಂತೆ ಕೇಳಿ, ಏನಿದೆ ಅಂತ ಕೆಳಗೆ ಬರೆಯಬೇಕು. ಸಾವು, ಆಸ್ಪತ್ರೆ, ಪೊಲೀಸು ಅಂತ ಬಂದರೆ ಹತ್ತಿರ ಇರುವವರು ಹೋಗಬೇಕು, ಹೋಗಿ ಬಂದಮೇಲೇ ಬರೆಯಬೇಕು. ತಿಂಗಳಿಗೊಂದು ಸಲ ಒಬ್ಬರ ಮನೆಯಲ್ಲಿ ಊಟ. ಮೂರನೆಯ ಕಟ್ಟಳೆ ಹೇಳಿದ ದಿನ ಐವತ್ತು ಜನ ಗುಂಪು ಬಿಟ್ಟರು. ಊಟಕ್ಕೆ ಹನ್ನೆರಡೋ ಹದಿನೈದೋ ಜನ ಬರುತ್ತಾರೆ. ನಮ್ಮವರಲ್ಲೇ ಕೆಲವರ ಮನೆಯಲ್ಲಿ ಕೆಲವರು ಉಣ್ಣುವುದಿಲ್ಲ ಅನ್ನುವುದು ಅಲ್ಲಿ ಹೊರಬಿತ್ತು. ಏಳು ವರ್ಷ ದಿನಾ ಜೈಭೀಮ್ ಹೇಳಿಕೊಂಡವರ ನಡುವೆ ಇದು ಗೊತ್ತೇ ಆಗಿರಲಿಲ್ಲ. ಅದರ ಜಗಳ ಇನ್ನೂ ಮುಗಿದಿಲ್ಲ.

ಹಮಾಲಿ ಗುಂಪಿನಲ್ಲಿಲ್ಲ, ಫೋನು ಕೆಟ್ಟಾಗ ಬಿಟ್ಟುಹೋದದ್ದು. ಮೊನ್ನೆ ಹುಣಸೆ ಸುಗ್ಗಿಯಲ್ಲಿ ಬೆಳಿಗ್ಗೆ ಏಳಕ್ಕೆ ಯಾರ್ಡಿನ ಗೇಟಿನ ಹತ್ತಿರ ಸಿಕ್ಕಿದ. ಮಗಳು ನರ್ಸಿಂಗ್ ಸೇರಿದ್ದಾಳಂತೆ. ಮೇಷ್ಟ್ರು ಅಂಜುತ್ತಾ ಅಂಜುತ್ತಾ, ‘ಮತ್ತೆ ಗುಂಪಿಗೆ ಸೇರಿಸ್ಲೇನಪ್ಪ?’ ಅಂದರು.

‘ನೋಡಾಣ ಸಾ’ ಅಂದ. ಟವೆಲ್ಲು ಸುತ್ತಿ ತಲೆ ಮೇಲಿಟ್ಟುಕೊಂಡು ಲಾರಿಯ ಕಡೆ ಹೋದ. ಸ್ವಲ್ಪ ದೂರ ಹೋಗಿ ತಿರುಗಿ, ‘ಟೀ ಕುಡ್ಕಂಡ್ ಓಗಿ, ಲೆಕ್ಕ ನಂದ್ ಐತೆ’ ಅಂತ ಕೂಗಿದ.